ಮಗನ ಸಾವು, ತಾಯಿಯ ವಿಶ್ವಾಸ: ಒಂದು ಆಪ್ತಸಲಹೆ ಪ್ರಕರಣ

ಐವತ್ತರ ಆಸುಪಾಸಿನ ಈ ಮಹಿಳೆ ಭಕ್ತಿವಂತ ಕಥೋಲಿಕ ಮನೆತನದವರು. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.) ಖಿನ್ನತೆಯಿಂದ ಬಳಲುತ್ತಿದ್ದ ಮಗ ಆತ್ಮಹತ್ಯೆಯಿಂದ ತೀರಿಕೊಂಡ ಕೆಲವು ತಿಂಗಳ ನಂತರ, ರಾತ್ರಿ ನಿದ್ರೆ ಬರುತ್ತಿಲ್ಲವೆಂಬ ಕಾರಣಕ್ಕೆ ವೈದ್ಯರು ಅವರನ್ನು ನನ್ನ ಬಳಿಗೆ ಕಳುಹಿಸಿದ್ದರು. ಅವರನ್ನು ಎಚ್ಚರವಾಗಿರಿಸಿದ್ದು ಒಂದೇ ಪ್ರಶ್ನೆ: ಆತ್ಮಹತ್ಯೆ ಮಾರಕ ಪಾಪ, ಪಶ್ಚಾತ್ತಾಪಪಡದೆ ಸತ್ತವನಿಗೆ ನರಕವೇ ಗತಿ ಎಂದು ಬಾಲ್ಯದಲ್ಲಿ ಕಲಿತದ್ದು ನಿಜವಾದರೆ, ಮಗ ಈಗ ಎಲ್ಲಿದ್ದಾನೆ? ಸಾವಿನ ಮನೆಗೆ ಬಂದಿದ್ದ ಬಂಧುವೊಬ್ಬರು ಇದನ್ನೇ ಬಾಯಿಬಿಟ್ಟು ಹೇಳಿ ಗಾಯದ ಮೇಲೆ ಬರೆ ಎಳೆದಿದ್ದರು. ಪತಿ ಎಲ್ಲರಿಗೂ ಹೃದಯಾಘಾತವೆಂದು ಹೇಳಿದ್ದರು. ಹದಿನಾರರ ಮಗಳಿಗೂ ಅದನ್ನೇ ಹೇಳಲಾಗಿತ್ತು.

ಎರಡನೆಯ ಭೇಟಿಯಲ್ಲಿ ಅವರು, ‘ಅವನಿಲ್ಲದ ಸ್ವರ್ಗ ನನಗೆ ಬೇಡ ಮೇಡಂ, ಅವನಿರುವಲ್ಲಿಗೇ ನನ್ನನ್ನೂ ಕಳುಹಿಸಲಿ’ ಎಂದರು. ಇಂಥ ಮಾತನ್ನು ದುಃಖದ ಉದ್ಗಾರವೆಂದು ದಾಟಿಸಿಬಿಡುವಂತಿಲ್ಲ. ಸಾಯುವ ಯೋಚನೆ ನಿಮಗೂ ಬರುತ್ತಿದೆಯೇ ಎಂದು ನೇರವಾಗಿ ಕೇಳಿದೆ. ಹಾಗೆ ಕೇಳುವುದರಿಂದ ಯೋಚನೆ ಹುಟ್ಟಿಕೊಳ್ಳುತ್ತದೆಂಬ ಭಯಕ್ಕೆ ಆಧಾರವಿಲ್ಲ. ಯೋಚನೆ ಬರುತ್ತದೆ, ಮಾಡಿಕೊಳ್ಳುವ ಉದ್ದೇಶವಿಲ್ಲ ಎಂದರು. ಅವರ ಒಪ್ಪಿಗೆ ಪಡೆದು ಅಕ್ಕನನ್ನೂ ವೈದ್ಯರನ್ನೂ ಇದರಲ್ಲಿ ಸೇರಿಸಿಕೊಂಡೆವು, ಮುಂದಿನ ಪ್ರತಿ ಭೇಟಿಯಲ್ಲೂ ಆ ಪ್ರಶ್ನೆಯನ್ನು ಮತ್ತೆ ಕೇಳಿದೆ.

ದೇವಶಾಸ್ತ್ರದ ತೀರ್ಪು ಕೊಡುವುದು ಆಪ್ತಸಲಹೆಗಾರರ ಕೆಲಸವಲ್ಲ. ಆದರೆ ‘ನರಕವೆಲ್ಲ ಹಳೆಯ ಕಲ್ಪನೆ, ತಲೆಗೆ ಹಚ್ಚಿಕೊಳ್ಳಬೇಡಿ’ ಎನ್ನುವುದೂ ಸಲಹೆಯಲ್ಲ. ಓದಿಕೊಂಡ ಸೋದರಳಿಯನೊಬ್ಬ ಆ ಮಾತನ್ನು ಆಗಲೇ ಹೇಳಿದ್ದ, ಅದು ಅವರಿಗೆ ಇನ್ನಷ್ಟು ಭಯ ಹುಟ್ಟಿಸಿತ್ತು. ಏಕೆಂದರೆ ವಿಶ್ವಾಸವನ್ನೇ ಕೈಬಿಟ್ಟರೆ ಮಗನನ್ನು ಮತ್ತೆ ಕಾಣುವ ನಿರೀಕ್ಷೆಯನ್ನೂ ಕೈಬಿಡಬೇಕಾಗುತ್ತದೆ. ಹೀಗಾಗಿ ಅವರ ಪರಂಪರೆಯ ಒಳಗೇ ನಿಂತು, ಅದು ನಿಜವಾಗಿ ಏನು ಹೇಳುತ್ತದೆಂದು ಅವರೊಡನೆ ನೋಡಲು ನಿರ್ಧರಿಸಿದೆ.

ಅವರು ಕಲಿತದ್ದು ಯಾರೋ ಕಟ್ಟಿದ ಕಥೆಯಾಗಿರಲಿಲ್ಲ. 13ನೆಯ ಶತಮಾನದಲ್ಲಿ ದೇವಶಾಸ್ತ್ರಜ್ಞ ಸಂತ ಥಾಮಸ್ ಅಕ್ವಿನಾಸ್, ಪ್ರಾಯಶ್ಚಿತ್ತಕ್ಕೆ ಸಮಯವನ್ನೇ ಉಳಿಸದ ಕಾರಣ ಈ ಪಾಪ ಅತ್ಯಂತ ಅಪಾಯಕಾರಿಯೆಂದು ವಾದಿಸಿದ್ದರು. ಕಥೋಲಿಕ ಧರ್ಮಸಭೆಯ (ಅಂದರೆ ಚರ್ಚಿನ) 1917ರ ಕಾನೂನು ಸಂಹಿತೆ ಬೇಕೆಂದೇ ಪ್ರಾಣ ಕಳೆದುಕೊಂಡವರಿಗೆ ಧರ್ಮಸಭೆಯ ಅಂತ್ಯಕ್ರಿಯೆಯನ್ನು ನಿರಾಕರಿಸಿತ್ತು. ಆದರೆ 1983ರ ಸಂಹಿತೆಯಲ್ಲಿ ಅಂತ್ಯಕ್ರಿಯೆ ನಿರಾಕರಿಸಬೇಕಾದವರ ಪಟ್ಟಿಯಿಂದ ಆತ್ಮಹತ್ಯೆ ಕೈಬಿಟ್ಟುಹೋಗಿದೆ. ಧರ್ಮಸಭೆಯ ಅಧಿಕೃತ ಬೋಧನೆಯ ಸಂಗ್ರಹವಾದ 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಆತ್ಮಹತ್ಯೆಯನ್ನು ಸರಿಯೆಂದು ಹೇಳುವುದಿಲ್ಲ, ಆ ಭಾಗವನ್ನು ನಾನು ಅವರಿಂದ ಮುಚ್ಚಿಡಲಿಲ್ಲ. ಆದರೆ ತೀವ್ರ ಮಾನಸಿಕ ಅಸ್ವಸ್ಥತೆ ಮತ್ತು ಯಾತನೆ ವ್ಯಕ್ತಿಯ ಹೊಣೆಯನ್ನು ಕುಗ್ಗಿಸಬಹುದೆಂದು 2282ನೆಯ ಪರಿಚ್ಛೇದದಲ್ಲಿಯೂ, ಹಾಗೆ ಪ್ರಾಣ ಕಳೆದುಕೊಂಡವರ ಆತ್ಮದ ರಕ್ಷಣೆಯ ಬಗ್ಗೆ ನಿರಾಶರಾಗಬಾರದು, ದೇವರು ತನಗೆ ಮಾತ್ರ ತಿಳಿದಿರುವ ದಾರಿಯಲ್ಲಿ ಪಶ್ಚಾತ್ತಾಪಕ್ಕೆ ಅವಕಾಶ ಕೊಡಬಲ್ಲನು, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ ಎಂದು 2283ರಲ್ಲಿಯೂ ಸ್ಪಷ್ಟವಾಗಿ ಹೇಳುತ್ತದೆ. ಆ ಎರಡು ಪರಿಚ್ಛೇದಗಳನ್ನು ಅವರು ಬೆರಳಿಟ್ಟು ಓದಿದರು, ಮತ್ತೊಮ್ಮೆ ಓದಿದರು, ‘ಇದನ್ನು ಯಾರೂ ಹೇಳಲೇ ಇಲ್ಲವಲ್ಲ’ ಎಂದರು. (ಹಳೆಯ ನಿಯಮ ಬಾಯಿಂದ ಬಾಯಿಗೆ ಬರುತ್ತದೆ, ತಿದ್ದುಪಡಿ ಪುಸ್ತಕದಲ್ಲೇ ಉಳಿಯುತ್ತದೆ, ಇದನ್ನು ನಾನು ಬೇರೆ ಪ್ರಕರಣಗಳಲ್ಲೂ ಕಂಡಿದ್ದೇನೆ.) ಅವರು ದಿನವೂ ಹೇಳುವ ವಿಶ್ವಾಸ ಸಂಗ್ರಹದಲ್ಲಿ (ವಿಶ್ವಾಸವನ್ನು ಸಾರುವ ಪ್ರಾರ್ಥನೆಯಲ್ಲಿ) ಸತ್ತವರಿಗೆ ನ್ಯಾಯತೀರಿಸುವ ಅಧಿಕಾರ ಕ್ರಿಸ್ತನಿಗೆ ಸೇರಿದ್ದು, ಬಂಧುವಿಗಲ್ಲ, ತಾಯಿಗೂ ಅಲ್ಲ ಎಂಬುದನ್ನು ಮಾತ್ರ ನಾನು ನೆನಪಿಸಿದೆ.

ಮುಂದಿನ ಭೇಟಿಗೆ ಬೈಬಲಿನ ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯವನ್ನು ಓದಿ ಬರುವಂತೆ ಕೇಳಿಕೊಂಡಿದ್ದೆ. ಪ್ರವಾದಿ ಎಲೀಯನು ಮರುಭೂಮಿಯಲ್ಲಿ ಗಿಡವೊಂದರ ಕೆಳಗೆ ಕುಳಿತು ಸಾವನ್ನು ಬೇಡುತ್ತಾನೆ; ದೇವದೂತ ಗದರಿಸುವುದಿಲ್ಲ, ರೊಟ್ಟಿ ನೀರು ಕೊಡುತ್ತಾನೆ, ಮಲಗಲು ಬಿಡುತ್ತಾನೆ, ಮತ್ತೆ ಎಬ್ಬಿಸಿ ಉಣ್ಣಿಸುತ್ತಾನೆ. ಸಮಾಧಾನವಾಗಬಹುದೆಂದು ಕೊಟ್ಟ ಓದು ಅದು. ಅದರಿಂದ ಹೊರಬಿದ್ದದ್ದು ಅವರು ಅದುವರೆಗೆ ಹೇಳದೇ ಇದ್ದ ಮಾತು: ‘ನನ್ನ ಮಗ ನಿದ್ರೆ ಬೇಕು ಅಂದ, ನಾನು ಜಪಸರ ಕೊಟ್ಟೆ.’ ಮಾತ್ರೆ ನುಂಗುವುದು ವಿಶ್ವಾಸದ ಕೊರತೆಯೆಂದು ಹೇಳಿ, ಅವುಗಳನ್ನು ಕಪಾಟಿನಲ್ಲಿ ಎತ್ತಿಟ್ಟು, ನೊವೇನ (ಒಂಬತ್ತು ದಿನಗಳ ಪ್ರಾರ್ಥನೆ) ಮುಗಿಯುವವರೆಗೆ ಕಾಯಲು ಅವರು ಮಗನಿಗೆ ಹೇಳಿದ್ದರು.

ಇಂಥ ಕಡೆ ‘ನಿಮ್ಮ ತಪ್ಪೇನಿಲ್ಲ’ ಎಂದು ಅವಸರದಲ್ಲಿ ಹೇಳಿದರೆ ಎದುರಿಗಿರುವವರು ನಂಬುವುದಿಲ್ಲ, ಮತ್ತೆ ಬಾಯಿ ತೆರೆಯುವುದೂ ಇಲ್ಲ. ಅಂದು ಅವರಿಗೆ ತಿಳಿದಿದ್ದದ್ದೇನು, ಇಂದು ತಿಳಿದಿರುವುದೇನು ಎಂಬುದನ್ನು ಬೇರ್ಪಡಿಸಲು ಕೆಲವು ಭೇಟಿಗಳೇ ಬೇಕಾದವು. ಪ್ರಾರ್ಥನೆ ಮತ್ತು ಔಷಧ ಒಂದಕ್ಕೊಂದು ಎದುರಾಳಿಗಳೆಂಬ ತಿಳಿವಳಿಕೆ ತಪ್ಪು. ಆದರೆ ಅದು ಮಗನ ಮೇಲಿನ ದ್ವೇಷದಿಂದ ಹುಟ್ಟಿದ್ದಲ್ಲ. ಒಳ್ಳೆಯ ಚಿಕಿತ್ಸೆ ನಡೆಯುತ್ತಿರುವಾಗಲೂ ಖಿನ್ನತೆ ಕೆಲವರ ಪ್ರಾಣ ತೆಗೆಯುತ್ತದೆ, ಒಂದು ಸಾವಿಗೆ ಒಂದೇ ಕಾರಣ ಇರುವುದು ವಿರಳ ಎಂದೂ ವಿವರಿಸಿದೆ. ಉಳಿದ ಭಾರವನ್ನು ಪಾಪನಿವೇದನೆಗೆ (ಗುರುಗಳ ಮುಂದೆ ಪಾಪ ಒಪ್ಪಿಕೊಂಡು ಕ್ಷಮೆ ಪಡೆಯುವ ಸಂಸ್ಕಾರಕ್ಕೆ) ಒಯ್ಯಿರಿ, ಏಕೆಂದರೆ ಕ್ಷಮೆಯ ಮಾತನ್ನು ನಿಮಗೆ ಅಧಿಕಾರವುಳ್ಳವರ ಬಾಯಿಂದ ಕೇಳಬೇಕಾಗಿದೆ ಎಂದು ಸಲಹೆ ಕೊಟ್ಟೆ.

ಚರ್ಚಿನ ಗುರುಗಳಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಮೊದಲೇ ಬರೆದುಕೊಂಡರು. ಗುರುಗಳು ಮಗನ ಹೆಸರಿನಲ್ಲಿ ಬಲಿಪೂಜೆ (ಚರ್ಚಿನ ಮಾಸ್ ಪೂಜೆ) ಅರ್ಪಿಸಲು ಕೂಡಲೇ ಒಪ್ಪಿದರು. ದೇವರ ಮೇಲೆ ಸಿಟ್ಟಿರುವಾಗ ಪ್ರಾರ್ಥಿಸುವುದು ಕಪಟವಲ್ಲವೇ ಎಂದು ಅವರು ನನ್ನನ್ನು ಕೇಳಿದಾಗ 88ನೆಯ ಕೀರ್ತನೆಯನ್ನು ತೋರಿಸಿದೆ; ಅದು ದೂರಿನಿಂದ ತೊಡಗಿ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಪವಿತ್ರ ಗ್ರಂಥದಲ್ಲಿ ಅದಕ್ಕೆ ಜಾಗವಿದೆ.

ಮಗಳ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳಬೇಕಾಯಿತು. ಖಿನ್ನತೆ ಕುಟುಂಬದಲ್ಲಿ ಮರುಕಳಿಸಬಹುದು. ಮುಂದೆ ತನಗೇ ಹಾಗಾದರೆ ಆ ಹುಡುಗಿ ಹೇಳಿಕೊಳ್ಳುವಂತಿರಬೇಕು. ‘ಅಣ್ಣನಿಗೆ ಖಿನ್ನತೆಯ ಕಾಯಿಲೆಯಿತ್ತು, ಅದರಿಂದಲೇ ಅವನು ತನ್ನ ಪ್ರಾಣ ತೆಗೆದುಕೊಂಡ, ನಿನಗೆ ಎಂದಾದರೂ ಹಾಗನ್ನಿಸಿದರೆ ನಮಗೆ ಹೇಳು, ನಾವು ಬೈಯುವುದಿಲ್ಲ’ ಎಂಬಷ್ಟು ಮಾತು ಸಾಕು, ವಿವರ ಬೇಡ ಎಂದೆ. ಪತಿ ಒಂದೇ ಬಾರಿ ಬಂದರು. ಬಂಧುಗಳಿಗೆ ತಿಳಿಸುವುದಿಲ್ಲವೆಂದಾದರೆ ಮಗಳಿಗೆ ಹೇಳಲು ಒಪ್ಪಿದರು. ಯಾರಿಗೆ ಎಷ್ಟು ತಿಳಿಸಬೇಕೆಂಬುದು ಆ ಕುಟುಂಬದ ಹಕ್ಕು. ಆ ಷರತ್ತನ್ನು ನಾನು ಪ್ರಶ್ನಿಸಲಿಲ್ಲ.