ಲಗ್ನಪತ್ರಿಕೆಯಿಂದ ಮಾಡಿದ ಕಾರ್ಡು ದೋಣಿಯಂತೆ ಬಾಗುವುದೇಕೆ?

ಮನೆಯಲ್ಲಿರುವ ಹಳೆಯ ಕಾಗದ, ರಟ್ಟು, ಬಟ್ಟೆಯ ಚೂರು, ಎಲೆ, ಹೂವುಗಳಿಂದ ಶುಭಾಶಯ ಪತ್ರ ಮಾಡುವವರು ಕೇಳುವ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ತೊಂದರೆಯ ಸುತ್ತ ಇರುತ್ತವೆ. ಪುಸ್ತಕ ಕಟ್ಟುವುದನ್ನೂ ಕಾಗದದ ಕರಕುಶಲವನ್ನೂ ಬಹಳ ವರ್ಷಗಳಿಂದ ಕಲಿಸುತ್ತಿರುವ ನನಗೆ ಅದಕ್ಕೆ ತುಂಡು ತುಂಡಾಗಿ ಉತ್ತರ ಬರೆದು ಸಾಕಾಗಿದೆ. ಈ ಸಲ ಅದೊಂದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಅಳತೆ ಹಾಕುವುದು, ನೇರವಾಗಿ ಕತ್ತರಿಸುವುದು ನಿಮಗೆ ಗೊತ್ತಿದೆ ಎಂದೇ ಭಾವಿಸಿ ಮುಂದುವರಿಯುತ್ತೇನೆ.

ಪ್ರಶ್ನೆ: ಹಳೆಯ ಲಗ್ನಪತ್ರಿಕೆಗಳ ಮೇಲೆ ಬಿಳಿ ಹಾಳೆ ಅಂಟಿಸಿ ನಾನೂ ನನ್ನ ಮಗಳೂ ದೀಪಾವಳಿಗೆ ಕಾರ್ಡುಗಳನ್ನು ಮಾಡಿದೆವು. ರಾತ್ರಿ ಚೆನ್ನಾಗಿಯೇ ಇದ್ದವು, ಬೆಳಗಾಗುವಷ್ಟರಲ್ಲಿ ಎಲ್ಲವೂ ದೋಣಿಯಂತೆ ಬಾಗಿದ್ದವು. ಕೆಲವದರಲ್ಲಿ ಹಾಳೆ ಎದ್ದು ಬಂದಿದೆ, ಮಡಿಕೆಯಲ್ಲಿ ಬಿರುಕು ಬಿಟ್ಟಿದೆ. ಯಾವ ಅಂಟು ಬಳಸಿದರೆ ಹೀಗಾಗುವುದಿಲ್ಲ?

ಉತ್ತರ: ಅಂಟನ್ನು ಬದಲಾಯಿಸಿ ಪ್ರಯೋಜನವಿಲ್ಲ. ನೀವು ಹೇಳಿದ ಮೂರು ದೋಷಗಳಿಗೂ ಕಾರಣ ಕಾಗದದಲ್ಲಿದೆ.

ಕಾರ್ಖಾನೆಯಲ್ಲಿ ಕಾಗದ ತಯಾರಾಗುವಾಗ ನೀರಿನಲ್ಲಿ ತೇಲುವ ನಾರುಗಳು ಓಡುತ್ತಿರುವ ಜಾಲರಿಯ ಮೇಲೆ ಬೀಳುತ್ತವೆ, ಅವುಗಳಲ್ಲಿ ಹೆಚ್ಚಿನವು ಜಾಲರಿ ಓಡುವ ದಿಕ್ಕಿಗೇ ಮಲಗಿಕೊಳ್ಳುತ್ತವೆ. ಹೀಗಾಗಿ ಮರದ ಹಲಗೆಗೆ ಇರುವಂತೆಯೇ ಕಾಗದಕ್ಕೂ ಒಂದು ಎಳೆ ಇರುತ್ತದೆ. ನಾರು ನೀರು ಕುಡಿದಾಗ ಉದ್ದಕ್ಕೆ ಬೆಳೆಯುವುದು ತೀರ ಕಡಿಮೆ, ದಪ್ಪಕ್ಕೆ ಉಬ್ಬುವುದೇ ಹೆಚ್ಚು; ಆದ್ದರಿಂದ ಒದ್ದೆಯಾದ ಹಾಳೆ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ. ನೀವು ಬಿಳಿ ಹಾಳೆಗೆ ಅಂಟು ಸವರಿದ ಕೂಡಲೇ ಅದು ಹಿಗ್ಗಿತು. ಹಿಗ್ಗಿದ ಸ್ಥಿತಿಯಲ್ಲೇ ಅದನ್ನು ಒಣ ರಟ್ಟಿಗೆ ಅಂಟಿಸಿದಿರಿ. ರಾತ್ರಿಯೆಲ್ಲ ಆರುತ್ತಾ ಅದು ಮೊದಲಿನ ಅಳತೆಗೆ ಕುಗ್ಗಿತು, ಕುಗ್ಗುವಾಗ ಬಿಡಿಸಿಕೊಳ್ಳಲಾಗದೆ ರಟ್ಟನ್ನೇ ತನ್ನ ಕಡೆಗೆ ಎಳೆದುಕೊಂಡಿತು. ಅಂಟಿಸಿದ ಮೈ ಒಳಕ್ಕೆ ಬಾಗಿರುವುದು ಇದೇ ಕಾರಣಕ್ಕೆ.

ಎಳೆಯ ದಿಕ್ಕನ್ನು ಕಂಡುಹಿಡಿಯಲು ಯಾವ ಉಪಕರಣವೂ ಬೇಡ. ಇಂದಿನ ದಿನಪತ್ರಿಕೆಯ ಒಂದು ಹಾಳೆಯನ್ನು ತೆಗೆದುಕೊಂಡು ಮೇಲಿನಿಂದ ಕೆಳಕ್ಕೆ ಹರಿಯಿರಿ, ಆಮೇಲೆ ಎಡದಿಂದ ಬಲಕ್ಕೆ ಹರಿಯಿರಿ. ಮೊದಲನೆಯದು ಸ್ಕೇಲು ಇಟ್ಟಂತೆ ನೇರವಾಗಿ ಸೀಳುತ್ತದೆ, ಎರಡನೆಯದು ಅಂಕುಡೊಂಕಾಗಿ ಓಡಿ ನಿಮ್ಮ ಕೈಗೆ ಸಿಗದೆ ಹೋಗುತ್ತದೆ. ನೇರವಾಗಿ ಸೀಳಿದ ದಿಕ್ಕೇ ಎಳೆಯ ದಿಕ್ಕು. ಹರಿಯಲು ಬಾರದ ದಪ್ಪ ಲಗ್ನಪತ್ರಿಕೆಯನ್ನು ಎರಡೂ ಅಂಗೈಗಳ ನಡುವೆ ಹಿಡಿದು, ಮಡಿಕೆ ಬೀಳದಂತೆ, ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಮೆಲ್ಲಗೆ ಬಾಗಿಸಿ ನೋಡಿ. ಒಂದು ಕಡೆಗೆ ಸುಲಭವಾಗಿ ಬಾಗುತ್ತದೆ, ಇನ್ನೊಂದು ಕಡೆಗೆ ಬಾಗಿಸಿದರೆ ಅಂಗೈಯನ್ನು ತಳ್ಳುತ್ತದೆ. ಸುಲಭವಾಗಿ ಬಾಗಿದಾಗ ಮಡಿಕೆ ಎಲ್ಲಿ ಬೀಳಬಹುದಿತ್ತೋ ಆ ಗೆರೆಯ ಉದ್ದಕ್ಕೇ ಎಳೆ ಇದೆ ಎಂದು ತಿಳಿಯಿರಿ. ಪೆನ್ಸಿಲಿನಿಂದ ಹಿಂಬದಿಯಲ್ಲಿ ಒಂದು ಬಾಣದ ಗುರುತು ಹಾಕಿಟ್ಟುಕೊಳ್ಳಿ.

ಇನ್ನು ಪರಿಹಾರ. ಮಡಿಕೆ ಯಾವಾಗಲೂ ಎಳೆಯ ದಿಕ್ಕಿಗೇ ಬೀಳಬೇಕು. ಎಳೆಗೆ ಅಡ್ಡಲಾಗಿ ಮಡಿಸಿದರೆ ನಾರುಗಳು ಮುರಿಯುತ್ತವೆ, ನಿಮ್ಮ ಕಾರ್ಡಿನ ಬಿರುಕು ಅದೇ. ಮಡಿಸುವ ಮೊದಲು ಸ್ಕೇಲು ಇಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಗೆರೆ ಎಳೆಯಿರಿ; ಒತ್ತಿದ ತಗ್ಗು ಕಾರ್ಡಿನ ಹೊರಮೈಗೂ ಹಿಂದೆ ಎದ್ದ ಉಬ್ಬು ಒಳಕ್ಕೂ ಬರುವಂತೆ ಮಡಿಸಿ. ಬಹಳ ಮಂದಿ ಇದನ್ನು ತಿರುವುಮುರುವಾಗಿ ಮಾಡಿ, ಕಾಗದ ಕಳಪೆ ಎಂದು ದೂರುತ್ತಾರೆ. ಮೇಲೆ ಅಂಟಿಸುವ ಹಾಳೆಯ ಎಳೆಯೂ ರಟ್ಟಿನ ಎಳೆಯೂ ಒಂದೇ ದಿಕ್ಕಿಗಿರಲಿ. ಒಂದು ಮೈಗೆ ಹಾಳೆ ಅಂಟಿಸಿದರೆ ಇನ್ನೊಂದು ಮೈಗೂ ಅಷ್ಟೇ ದಪ್ಪದ ಹಾಳೆಯನ್ನು ಅದೇ ಹೊತ್ತಿನಲ್ಲಿ ಅಂಟಿಸಿ, ಆಗ ಎರಡೂ ಕಡೆಯ ಎಳೆತ ಸಮವಾಗಿ ರಟ್ಟು ನೆಟ್ಟಗೆ ನಿಲ್ಲುತ್ತದೆ. ನಂತರ ಕಾರ್ಡಿನ ಮೇಲೂ ಕೆಳಗೂ ಅಚ್ಚಿಲ್ಲದ ಒಣ ಕಾಗದವಿಟ್ಟು, ದಪ್ಪ ಪುಸ್ತಕಗಳ ಭಾರ ಹೇರಿ, ಒಂದು ಗಂಟೆಯ ಬಳಿಕ ಆ ಕಾಗದವನ್ನು ಬದಲಾಯಿಸಿ, ಇಡೀ ಒಂದು ದಿನ ಹಾಗೆಯೇ ಬಿಡಿ. ಫ್ಯಾನಿನ ಕೆಳಗೆ ಅಥವಾ ಬಿಸಿಲಿನಲ್ಲಿ ಆರಿಸಬೇಡಿ. ಹಿಂದೊಮ್ಮೆ ಒಂದು ಶಾಲೆಯಲ್ಲಿ, ಹೊತ್ತಾಯಿತೆಂಬ ಅವಸರದಲ್ಲಿ ನನ್ನನ್ನು ಕೇಳದೆ ಮಕ್ಕಳ ಕಾರ್ಡುಗಳನ್ನೆಲ್ಲ ಅಂಗಳದ ಬಿಸಿಲಿಗೆ ಹರಡಿದ್ದರು. ಅರ್ಧ ಗಂಟೆಯಲ್ಲಿ ಅವು ಹಪ್ಪಳದಂತೆ ಸುರುಟಿಕೊಂಡವು. ತನ್ನ ಕಾರ್ಡನ್ನು ಎರಡೂ ಕೈಗಳಿಂದ ಒತ್ತಿ ಒತ್ತಿ ನೆಟ್ಟಗೆ ಮಾಡಲು ಹೆಣಗುತ್ತಿದ್ದ ಒಬ್ಬ ಹುಡುಗಿಯ ಮುಖ ನನಗೆ ಇನ್ನೂ ನೆನಪಿದೆ.

ಹಾಳೆ ಎದ್ದು ಬರುವುದಕ್ಕೆ ಕಾರಣ ಬೇರೆ. ಈಗಿನ ಅನೇಕ ಲಗ್ನಪತ್ರಿಕೆಗಳ ಮೇಲೆ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ. ಒಂದು ಹನಿ ನೀರು ಹಾಕಿ ನೋಡಿ: ಹನಿ ಹೀರದೆ ಮಣಿಯಂತೆ ನಿಂತರೆ ಆ ಮೈಯನ್ನು ನಯವಾದ ಮರಳು ಕಾಗದದಿಂದ ಹೊಳಪು ಹೋಗುವಷ್ಟು ಉಜ್ಜಿ ಅಂಟಿಸಬೇಕು, ಇಲ್ಲವೇ ಪದರವಿಲ್ಲದ ಒಳಮೈಯನ್ನು ಬಳಸಬೇಕು.

ಪ್ರಶ್ನೆ: ಮೈದಾ ಅಂಟು ಹಚ್ಚಿದ ಕಾರ್ಡುಗಳಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಜಿರಲೆ ಕೆರೆಯುತ್ತದೆ. ಮೈಲುತುತ್ತ ಬೆರೆಸಿದರೆ ಸಾಕು ಎಂದು ಒಬ್ಬರು ಹೇಳಿದರು. ಸರಿಯೇ?

ಉತ್ತರ: ಬೇಡವೇ ಬೇಡ. ಪುಸ್ತಕ ಕಟ್ಟುವವರು ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದುದು ನಿಜ. ಆದರೆ ಅದು ವಿಷ, ಮಕ್ಕಳು ಅಂಟಿನ ಬೆರಳನ್ನು ಬಾಯಿಗೆ ಇಡುವ ಮನೆಯಲ್ಲಿ ಅದರ ಡಬ್ಬಿಯೂ ಇರಬಾರದು. ಪಟಿಕ ಹಾಕಿದರೆ ಕಾಗದಕ್ಕೆ ಆಮ್ಲ ಸೇರಿ ವರ್ಷಗಳು ಕಳೆದಂತೆ ಅದು ಪುಡಿಪುಡಿಯಾಗುತ್ತದೆ. ಹುಣಸೆ ಬೀಜದ ಅಂಟು ಕೆಡುವುದಿಲ್ಲವಂತೆ ಎಂದೂ ಕೆಲವರು ಬರೆಯುತ್ತಾರೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಕುಶಲಕರ್ಮಿಗಳು ಮರದ ಗೊಂಬೆಗಳಿಗೆ ಆ ಅಂಟನ್ನು ಬಳಸುತ್ತಾರೆ, ಅದು ಗಟ್ಟಿಯಾದ ಒಳ್ಳೆಯ ಅಂಟು, ಆದರೆ ಅದೂ ಬೂಷ್ಟಿಗೆ ಆಹಾರವೇ. ಒಂದು ಪಾಲು ಮೈದಾಕ್ಕೆ ಐದು ಪಾಲು ತಣ್ಣೀರು ಸೇರಿಸಿ, ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವುತ್ತಾ, ಹಸಿ ಬಿಳುಪು ಹೋಗಿ ಹೊಳಪು ಬರುವವರೆಗೆ ಬೇಯಿಸಿ. ತೆಳು ಬಟ್ಟೆಯಲ್ಲಿ ಸೋಸಿ, ಅಂದಿಗೆ ಬೇಕಾದಷ್ಟನ್ನೇ ಮಾಡಿಕೊಳ್ಳಿ. ತೆಳುವಾಗಿ ಸವರಿ, ಪೂರ್ತಿ ಆರಿಸಿ, ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಬೂಷ್ಟು ಸುಲಭವಾಗಿ ಹತ್ತುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡು, ಕರಾವಳಿಯವರು ಬಿಳಿಯ ಫೆವಿಕಾಲ್ ಬಳಸುವುದೇ ಮೇಲು.

ಪ್ರಶ್ನೆ: ಅರಳಿ ಎಲೆಯ ಜಾಲರಿಯನ್ನು ಹತ್ತೇ ನಿಮಿಷದಲ್ಲಿ ಬಿಡಿಸಿ ಬೆಳ್ಳಗೆ ಮಾಡಲು ಬ್ಲೀಚಿಂಗ್ ಪುಡಿಗೆ ಶೌಚಾಲಯ ತೊಳೆಯುವ ದ್ರವ ಬೆರೆಸುವುದನ್ನು ವಿಡಿಯೊದಲ್ಲಿ ನೋಡಿದೆ. ಪ್ರಯತ್ನಿಸಬಹುದೇ?

ಉತ್ತರ: ಖಂಡಿತ ಬೇಡ. ಶೌಚಾಲಯ ತೊಳೆಯುವ ದ್ರವಗಳಲ್ಲಿ ಹೆಚ್ಚಾಗಿ ಆಮ್ಲ ಇರುತ್ತದೆ, ಬ್ಲೀಚಿಂಗ್ ಪುಡಿಗೆ ಆಮ್ಲ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಕಿಟಕಿ ಮುಚ್ಚಿದ ಸ್ನಾನದ ಮನೆಯಲ್ಲಿ ಅದನ್ನು ಉಸಿರಾಡಿದವರು ಆಸ್ಪತ್ರೆ ಸೇರಬೇಕಾಗುತ್ತದೆ. ಇಂಥದ್ದನ್ನು ಕರಕುಶಲವೆಂದು ಮಕ್ಕಳಿಗೆ ತೋರಿಸುವವರು ಮಾಡುತ್ತಿರುವುದು ಅಪರಾಧವೆಂದೇ ನಾನು ತಿಳಿಯುತ್ತೇನೆ. ಬಲಿತ ಅರಳಿ ಎಲೆಗಳನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಆಗಾಗ ನೀರು ಬದಲಾಯಿಸುತ್ತಾ ಮೂರು ನಾಲ್ಕು ವಾರ ಬಿಡಿ. ವಾಸನೆ ಬರುತ್ತದೆ, ಬಕೆಟ್ಟನ್ನು ಹಿತ್ತಲಲ್ಲಿಡಿ. ಕೊಳೆತ ತಿರುಳನ್ನು ಹಳೆಯ ಮೆತ್ತನೆಯ ಟೂತ್‌ಬ್ರಷ್‌ನಿಂದ ನಡುನರದಿಂದ ಅಂಚಿನ ಕಡೆಗೆ ಮೆಲ್ಲಗೆ ಉಜ್ಜಿ ತೊಳೆದರೆ, ಕೂದಲೆಳೆಯಂಥ ನರಗಳ ಬಲೆ ಹರಿಯದೆ ಉಳಿಯುತ್ತದೆ.

ಪ್ರಶ್ನೆ: ಅಂಗಡಿಯ ಬಿಲ್ಲುಗಳನ್ನು ನೆನೆಸಿ ರುಬ್ಬಿ ಕೈಕಾಗದ ಮಾಡಬಹುದೇ?

ಉತ್ತರ: ಶಾಖದಿಂದ ಅಕ್ಷರ ಮೂಡುವ ನುಣುಪು ಬಿಲ್ಲುಗಳಲ್ಲಿ ರಾಸಾಯನಿಕ ಲೇಪವಿರುತ್ತದೆ, ಅವನ್ನು ಬಳಸಬೇಡಿ.

ಪ್ರಶ್ನೆ: ದಿನಪತ್ರಿಕೆಯಿಂದ ಮಾಡಿದ ಕಾರ್ಡು ಹಳದಿಯಾಗದಂತೆ ಮಾಡುವುದು ಹೇಗೆ?

ಉತ್ತರ: ಆಗುವುದಿಲ್ಲ. ಆ ಕಾಗದದಲ್ಲಿ ಉಳಿದಿರುವ ಲಿಗ್ನಿನ್, ಅಂದರೆ ಮರದ ನಾರುಗಳನ್ನು ಹಿಡಿದಿಡುವ ವಸ್ತು, ಬೆಳಕಿಗೂ ಗಾಳಿಗೂ ಹಳದಿಯಾಗಿಯೇ ತೀರುತ್ತದೆ; ಬಹಳ ಕಾಲ ಇಡಬೇಕಾದ ಕಾರ್ಡಿಗೆ ಅದನ್ನು ಆರಿಸಿಕೊಳ್ಳಬೇಡಿ.

ಪ್ರಶ್ನೆ: ಬೀಟ್‌ರೂಟ್, ಶಂಖಪುಷ್ಪಗಳ ಬಣ್ಣ ಶಾಶ್ವತವಾಗಿ ನಿಲ್ಲಲು ಉಪ್ಪು ಹಾಕಬೇಕೆ, ವಿನೆಗರ್ ಹಾಕಬೇಕೆ?

ಉತ್ತರ: ಎರಡರಿಂದಲೂ ನಿಲ್ಲುವುದಿಲ್ಲ. ಶಂಖಪುಷ್ಪದ ನೀಲಿಗೆ ವಿನೆಗರ್ ತಾಗಿದರೆ ಅದು ನೇರಳೆ ಅಥವಾ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಚಹಾದ ಡಿಕಾಕ್ಷನ್ ಇವೆರಡಕ್ಕಿಂತ ಹೆಚ್ಚು ಕಾಲ ಬಾಳುತ್ತದೆ.

ಪ್ರಶ್ನೆ: ಲಗ್ನಪತ್ರಿಕೆಯ ಮೂಲೆಗಳಿಗೆ ಹಚ್ಚಿದ ಅರಿಶಿನದ ಕಲೆಯನ್ನು ಸೋಪಿನಿಂದ ಒರೆಸಿದೆ, ಕೆಂಪಾಯಿತು. ಏನು ಮಾಡಲಿ?

ಉತ್ತರ: ಅರಿಶಿನಕ್ಕೆ ಸುಣ್ಣ ಬೆರೆತಾಗ ಓಕುಳಿ ಕೆಂಪಾಗುವಂತೆ, ಸೋಪಿನ ಕ್ಷಾರಕ್ಕೂ ಅದು ಕೆಂಪಾಗುತ್ತದೆ. ಮತ್ತೆ ಒರೆಸಬೇಡಿ, ಕಾಗದದ ಮೈ ಏಳುತ್ತದೆ. ಎರಡು ಹನಿ ನಿಂಬೆರಸವನ್ನು ಹತ್ತಿಯಲ್ಲಿ ತಾಗಿಸಿದರೆ ಹಳದಿಗೆ ಮರಳುತ್ತದೆ, ಬಳಿಕ ಒದ್ದೆ ಹತ್ತಿಯಿಂದ ಆ ರಸವನ್ನು ಒತ್ತಿ ತೆಗೆಯಿರಿ. ಕಾರ್ಡು ಆರಿದ ಮೇಲೆ ಅದನ್ನು ಗಾಜಿನ ತುಂಡೊಂದರ ಕೆಳಗೆ ಚಪ್ಪಟೆಯಾಗಿಟ್ಟು ಕೆಲವು ದಿನ ಬಿಸಿಲು ತೋರಿಸಿದರೆ ಹಳದಿಯೂ ಮಾಸುತ್ತದೆ.