ರಕ್ತದಲ್ಲೇ ಇದ್ರೆ ಮಾತ್ರೆ ಯಾಕೆ?

ಪತ್ರ: ನಮ್ಮಪ್ಪನಿಗೆ ಖಿನ್ನತೆ ಇತ್ತು, ಈಗ ಅಣ್ಣನಿಗೂ ಬಂದಿದೆ. ನಿಮ್ಮ ಒಕ್ಕದ (ಕೊಡವರ ಮನೆತನ) ರಕ್ತದಲ್ಲೇ ಇದೆ ಅಂತ ನನ್ನ ಮಗಳಿಗೆ ಬಂದ ಸಂಬಂಧದವರು ಹಿಂದೆ ಸರಿದ್ರು. ರಕ್ತದಲ್ಲೇ ಇದ್ರೆ ಮಾತ್ರೆ ಏನ್ ಮಾಡುತ್ತೆ ಅಂತ ಅಣ್ಣನೂ ನಿಲ್ಲಿಸಿಬಿಟ್ಟಿದ್ದಾನೆ. ಮಗಳಿಗೆ ಡಿಎನ್‌ಎ ಟೆಸ್ಟ್ ಮಾಡಿಸ್ಲಾ?
– ಓದುಗರೊಬ್ಬರು, ವಿರಾಜಪೇಟೆ ತಾಲ್ಲೂಕು

ಸಂಪಾದಕರ ಉತ್ತರ: ಮೊದಲು ಅಣ್ಣನ ವಿಷಯ, ಯಾಕಂದ್ರೆ ಮದುವೆ ಕಾಯುತ್ತೆ, ಇದು ಕಾಯಲ್ಲ. ಡಾಕ್ಟರನ್ನ ಕೇಳದೆ ದಿಢೀರ್ ಅಂತ ಮಾತ್ರೆ ಬಿಟ್ರೆ ತಲೆಸುತ್ತು, ನಿದ್ದೆಗೇಡು, ಚಡಪಡಿಕೆ ಬರಬಹುದು, ಕಾಯಿಲೆ ಮತ್ತೆ ಮರುಕಳಿಸಲೂಬಹುದು. ಬಿಪಿ ಕೂಡ ಮನೆತನದಲ್ಲಿ ಬರುತ್ತೆ, ಹಾಗಂತ ಬಿಪಿ ಮಾತ್ರೆ ಕೆಲಸ ಮಾಡಲ್ಲ ಅಂತ ಯಾರೂ ಬಿಡಲ್ಲ ಅಲ್ವಾ. ಅನುವಂಶೀಯ ಅಂದ ತಕ್ಷಣ ವಾಸಿಯಾಗದ್ದು ಅಂತ ಅಲ್ಲವೇ ಅಲ್ಲ, ಇದನ್ನ ದಯವಿಟ್ಟು ಅವರ ಪಕ್ಕ ಕೂತು ಹೇಳಿ.

ಇನ್ನು ರಕ್ತದ ಮಾತು. ಅಪ್ಪ ಅಮ್ಮ ಅಥವಾ ಒಡಹುಟ್ಟಿದವರಿಗೆ ಖಿನ್ನತೆ ಇದ್ರೆ ಬರೋ ಸಾಧ್ಯತೆ ಉಳಿದವರಿಗಿಂತ ಎರಡು ಮೂರು ಪಟ್ಟು ಹೆಚ್ಚು, ಇದು ನಿಜ, ಮುಚ್ಚಿಡೋದು ಬೇಡ. ಅವಳಿಗಳ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ 2000ರಲ್ಲಿ ಲೆಕ್ಕ ಹಾಕಿದಾಗ ಅನುವಂಶೀಯ ಪಾಲು ಸುಮಾರು ಶೇ 37 ಅಂತ ಬಂತು. ಈ ಅಂಕಿಯನ್ನ ಜನ ತಪ್ಪು ಓದ್ತಾರೆ, ನಿಮ್ಮ ಮಗಳಿಗೆ ಖಿನ್ನತೆ ಬರೋ ಸಾಧ್ಯತೆ ಶೇ 37 ಅಂತ ಅಲ್ಲ ಇದು, ಒಂದು ಜನಸಮೂಹದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರೋ ವ್ಯತ್ಯಾಸದಲ್ಲಿ ಜೀನ್‌ಗಳ ಪಾಲೆಷ್ಟು ಅನ್ನೋದಷ್ಟೇ. ಒಂದೇ ಡಿಎನ್‌ಎ ಇರೋ ಅವಳಿಗಳಲ್ಲೂ ಎಷ್ಟೋ ಸಲ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರೋದೇ ಇಲ್ಲ.

'ಖಿನ್ನತೆಯ ಜೀನ್' ಅಂತ ಒಂದು ಸಿಕ್ಕಿದ್ಯಾ? ಇಲ್ಲ. 2003ರಲ್ಲಿ ಸೆರೊಟೋನಿನ್ ಅನ್ನೋ ಮಿದುಳಿನ ರಾಸಾಯನಿಕವನ್ನ ಸಾಗಿಸೋ ಪ್ರೋಟೀನಿನ ಜೀನ್ ಬಗ್ಗೆ ಭಾರಿ ಸದ್ದಾಗಿತ್ತು, ವರ್ಷಗಟ್ಟಲೆ ಅದರ ಹಿಂದೆ ಸಂಶೋಧನೆ ನಡೀತು, ಕೊನೆಗೆ 2019ರಲ್ಲಿ ಅಂಥ ಹೆಸರುವಾಸಿ 18 ಜೀನ್‌ಗಳನ್ನ ಲಕ್ಷಾಂತರ ಜನರ ಮಾಹಿತಿಯಲ್ಲಿ ಪರೀಕ್ಷಿಸಿದಾಗ ಬೇರೆ ಯಾವುದೇ ಜೀನ್‌ಗಿಂತ ಅವು ಹೆಚ್ಚೇನೂ ಅಲ್ಲ ಅಂತ ಗೊತ್ತಾಯ್ತು. ಆಮೇಲೆ 2025ರಲ್ಲಿ 29 ದೇಶಗಳ ಸುಮಾರು 6.88 ಲಕ್ಷ ರೋಗಿಗಳ ಡಿಎನ್‌ಎಯನ್ನ ಆರೋಗ್ಯವಂತರದ್ದರ ಜೊತೆ ಹೋಲಿಸಿದ ಅಧ್ಯಯನ ಬಂತು, ಅದರಲ್ಲಿ ಸಿಕ್ಕಿದ್ದು 697 ಸಣ್ಣ ಸಣ್ಣ ವ್ಯತ್ಯಾಸಗಳು, ಒಂದೊಂದರ ಪರಿಣಾಮ ತೀರಾ ಅಲ್ಪ. ಇವುಗಳಲ್ಲಿ ಕೆಲವು ನನ್ನಲ್ಲೂ ಇರುತ್ವೆ, ಆ ವರನ ಮನೆಯವರಲ್ಲೂ ಇರುತ್ವೆ. ಮತ್ತೆ ಒಕ್ಕ ಎಣಿಸೋದು ಅಪ್ಪನ ಕಡೆಯಿಂದ, ಜೀನ್ ಮಾತ್ರ ಅರ್ಧ ಅಮ್ಮನ ಕಡೆಯಿಂದ ಬರುತ್ತೆ, ಹಾಗಾಗಿ ಒಂದು ಒಕ್ಕದ ಮೇಲೆ ಕಳಂಕ ಹೊರಿಸೋದಕ್ಕೆ ವಿಜ್ಞಾನದಲ್ಲಿ ಆಧಾರವೇ ಇಲ್ಲ, ಹೆಣ್ಣುಮಗಳೊಬ್ಬಳ ಬದುಕಿನ ವಿಷಯದಲ್ಲಿ ಹೀಗೆ ಮಾಡೋದು ಅನ್ಯಾಯ.

ಜೀನ್ ಜೊತೆಗೆ ಬದುಕೂ ಇದೆ. 2018ರ ಆಗಸ್ಟಲ್ಲಿ ನಮ್ಮ ಕೊಡಗಿನ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದು ಮನೆ ತೋಟ ಕಳ್ಕೊಂಡವರನ್ನ ನೆನೆಸ್ಕೊಳ್ಳಿ, ಅಂಥ ಪೆಟ್ಟು ಬಿದ್ರೆ ಮನೆತನದಲ್ಲಿ ಯಾರಿಗೂ ಇಲ್ಲದವರೂ ಖಿನ್ನತೆಗೆ ಬೀಳಬಹುದು.

ಟೆಸ್ಟ್ ಬೇಡ. ಒಬ್ಬರಿಗೆ ಖಿನ್ನತೆ ಬರುತ್ತೋ ಇಲ್ವೋ ಅಂತ ಖಚಿತವಾಗಿ ಹೇಳೋ ಡಿಎನ್‌ಎ ಪರೀಕ್ಷೆ ಇಲ್ಲ, ಈ ಅಧ್ಯಯನಗಳ ಹೆಚ್ಚಿನ ಮಾಹಿತಿ ಯುರೋಪ್ ಮೂಲದವರದ್ದು ಬೇರೆ. ಆ ದುಡ್ಡಲ್ಲಿ ಅಣ್ಣನನ್ನ ಮಡಿಕೇರಿಗೆ ಕರ್ಕೊಂಡು ಹೋಗಿ ಮನೋವೈದ್ಯರಿಗೆ ತೋರಿಸಿ. ಬರಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನೀವೇ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡ್ತಾರೆ, ಮನೆಯವರೂ ಸಲಹೆ ಕೇಳಬಹುದು.