ಬೌರಿಂಗ್ ಅಂದರೆ ಯಾರು?

ಬೆಂಗಳೂರಿನ ಬೌರಿಂಗ್ ಆಸ್ಪತ್ರೆ, ಥಾಯ್ಲೆಂಡಿನ ಬೌರಿಂಗ್ ಒಪ್ಪಂದ, ಎರಡೂ ಒಬ್ಬನ ಹೆಸರಾ ಅಂತ ಕೇಳಿದ್ದೀರಿ. ಅಲ್ಲ, ಅಪ್ಪ-ಮಗ.

ಎಕ್ಸೆಟರ್‌ನಲ್ಲಿ ಹುಟ್ಟಿದ ಜಾನ್ ಬೌರಿಂಗ್ ಹಾಂಗ್‌ಕಾಂಗ್ ಗವರ್ನರ್ ಆಗಿದ್ದ. 1855ರಲ್ಲಿ ಬ್ರಿಟನ್ ಪರವಾಗಿ ಸಯಾಮ್ (ಥಾಯ್ಲೆಂಡಿನ ಹಳೆಯ ಹೆಸರು) ಜೊತೆ ಆ ವ್ಯಾಪಾರ ಒಪ್ಪಂದ ಮಾಡಿಕೊಂಡವನು ಅವನೇ. ಅದರಿಂದ ಸಯಾಮ್‌ನ ಆಮದು ಸುಂಕ ಶೇ. 3ಕ್ಕೆ ನಿಂತಿತು.

ಮಗ ಲೆವಿನ್ ಬೆಂಥಮ್ ಬೌರಿಂಗ್ 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್. ನಡುವಿನ ‘ಬೆಂಥಮ್’ ಸುಮ್ನೆ ಇಟ್ಟಿದ್ದಲ್ಲ, ಚಿಂತಕ ಜೆರೆಮಿ ಬೆಂಥಮ್ ಅಪ್ಪನಿಗೆ ತುಂಬಾ ಆಪ್ತ. ಆಸ್ಪತ್ರೆ, ಸೇಂಟ್ ಮಾರ್ಕ್ಸ್ ರಸ್ತೆಯ ಕ್ಲಬ್ಬು ಎರಡಕ್ಕೂ ಮಗನದೇ ಹೆಸರು. ನಮ್ಮ ಬಂಗಾರಪೇಟೆಯೂ ಮೊದಲು ಬೌರಿಂಗ್‌ಪೇಟೆ! ಈಗಿನ ಹೆಸರೇ ಚೆನ್ನಾಗಿದೆ, ಅಲ್ವಾ?

ಕೆನಡಾದ ಸೇಂಟ್ ಜಾನ್ಸ್‌ನಲ್ಲೂ ಬೌರಿಂಗ್ ಪಾರ್ಕ್ ಇದೆ. ಅದು ಬೌರಿಂಗ್ ಬ್ರದರ್ಸ್ ಅನ್ನೋ ವ್ಯಾಪಾರಿ ಕಂಪನಿ ಊರಿಗೆ ಕೊಟ್ಟಿದ್ದು.